ಉಣ್ಣುವಾಗ ಊಟದ ಮೇಲೆ ಗಮನವಿರಲಿ


ಸಕ್ಕರೆ ಕಾಯಿಲೆ ಈಗ ಪಟ್ಟಣದ ಕಾಯಿಲೆಯಾಗಿ ಉಳಿದಿಲ್ಲ, ಹಳ್ಳಿಗೂ ಬಂದಿದೆ. ಐಟಿಯವರು ‘ಮೈಂಡ್‌ಫುಲ್‌ನೆಸ್’ ಎನ್ನುವುದು ಊಟದ ಮಟ್ಟಿಗೆ ಇಷ್ಟೇ: ಉಣ್ಣುವಾಗ ಊಟದ ಮೇಲೆ ಗಮನವಿಡುವುದು. ಹೊಟ್ಟೆ ತುಂಬಿದ್ದು ಮಿದುಳಿಗೆ ತಿಳಿಯಲು ಸುಮಾರು 20 ನಿಮಿಷ ಬೇಕು. ಮೊಬೈಲ್ ನೋಡುತ್ತಾ ಗಬಗಬನೆ ಉಂಡರೆ ಹಸಿವು ತೀರಿದ ಮೇಲೂ ಉಣ್ಣುತ್ತಲೇ ಇರುತ್ತೇವೆ.

ತಟ್ಟೆಯಲ್ಲಿ ಏನಿದೆ ಎಂಬ ಗಮನವೂ ಬೇಕು. ಮಂಡ್ಯದ ವಿ.ಸಿ. ಫಾರಂನಲ್ಲಿ ಡಾ. ಲಕ್ಷ್ಮಣಯ್ಯನವರು ನಮ್ಮ ರಾಗಿಗೆ ಆಫ್ರಿಕಾದ ರಾಗಿಯನ್ನು ಕೂಡಿಸಿ ‘ಇಂಡಾಫ್’ ತಳಿಗಳನ್ನು ಕೊಟ್ಟರು. ರಾಗಿಗೆ ಭತ್ತಕ್ಕಿಂತ ಕಡಿಮೆ ನೀರು ಸಾಕು. ಅದರಲ್ಲಿ ಅಕ್ಕಿಗಿಂತ ಹೆಚ್ಚು ನಾರು, ಕ್ಯಾಲ್ಸಿಯಂ ಇವೆ. ದಿನಕ್ಕೊಂದು ಹೊತ್ತಾದರೂ ಮುದ್ದೆ ಇರಲಿ.

ಮಕ್ಕಳೇ, ಬಿಸಿಯೂಟಕ್ಕೆ ಮೊದಲು ಸ್ವಲ್ಪವೇ ಹಾಕಿಸಿಕೊಳ್ಳಿ, ಹಸಿವಿದ್ದರೆ ಮತ್ತೆ ಕೇಳಿ. ಅನ್ನ ಚೆಲ್ಲಬೇಡಿ. ಹಿರಿಯರೇ, ಮನೆಯಲ್ಲಿ ಊಟದ ಹೊತ್ತು ಟಿವಿ ಆರಿಸಿ.