ಬಳಸಿದ ಡ್ರೋನ್ ಕೊಳ್ಳುವ ಮುನ್ನ



ದೊಡ್ಡಬಳ್ಳಾಪುರ ತಾಲ್ಲೂಕಿನ ಘಾಟಿ ಸುಬ್ರಹ್ಮಣ್ಯದ ದನಗಳ ಜಾತ್ರೆಯನ್ನು ನಿಮ್ಮಲ್ಲಿ ಕೆಲವರಾದರೂ ನೋಡಿರಬಹುದು. ಅಲ್ಲಿ ಎತ್ತು ಕೊಳ್ಳಲು ಬಂದ ರೈತ ಮೊದಲು ಬೆಲೆ ಕೇಳುವುದಿಲ್ಲ. ಎತ್ತಿನ ತುಟಿ ಎತ್ತಿ ಹಲ್ಲು ನೋಡುತ್ತಾನೆ. ಎರಡು ಹಲ್ಲೋ, ನಾಲ್ಕು ಹಲ್ಲೋ, ಬಾಯಿಗೂಡಿದೆಯೋ ಎಂದು ಲೆಕ್ಕ ಹಾಕುತ್ತಾನೆ. ಹೆಗಲ ಮೇಲೆ ಕೈಯಾಡಿಸುತ್ತಾನೆ. ನಾಲ್ಕು ಹೆಜ್ಜೆ ನಡೆಸಿ ಕುಂಟುತ್ತದೆಯೇ ಎಂದು ನೋಡುತ್ತಾನೆ. ಇಷ್ಟೆಲ್ಲ ಆದ ಮೇಲೆಯೇ ಟವೆಲ್ಲಿನ ಮರೆಯಲ್ಲಿ ಬೆರಳು ಹಿಡಿದು ವ್ಯಾಪಾರ ಕುದುರುತ್ತದೆ. ಅಲ್ಲಿ ಬೆಲೆ ಮಾತ್ರ ಮುಚ್ಚಿದ ಗುಟ್ಟು. ಎತ್ತು ಎಲ್ಲರ ಕಣ್ಣೆದುರಿಗೆ ನಿಂತಿರುತ್ತದೆ.

ಇಂದು ಮೊಬೈಲ್ ಫೋನಿನಲ್ಲಿ ನಡೆಯುವ ಹಳೆಯ ವಸ್ತುಗಳ ಸಂತೆಯಲ್ಲಿ ಇದು ತಲೆಕೆಳಗಾಗಿದೆ. ಬೆಲೆ ದೊಡ್ಡ ಅಕ್ಷರದಲ್ಲಿ ಕಾಣುತ್ತದೆ. ವಸ್ತುವಿನ ನಿಜಸ್ಥಿತಿ ಟವೆಲ್ಲಿನ ಕೆಳಗೆ ಅಡಗಿರುತ್ತದೆ. ಅಲ್ಲಿ ಮಾರಾಟಕ್ಕಿಟ್ಟ ವಸ್ತುಗಳಲ್ಲಿ ಒಂದಾದ, ವೃತ್ತಿಗೆ ಬಳಸುವ ಡ್ರೋನ್ ಕುರಿತು ಇಂದು ನಿಮ್ಮೊಡನೆ ಮಾತನಾಡಬೇಕೆಂದಿದ್ದೇನೆ. ಮದುವೆ ಚಿತ್ರೀಕರಣ, ಜಮೀನಿನ ಸರ್ವೆ, ಕಟ್ಟಡ ಕಾಮಗಾರಿಯ ಚಿತ್ರಗಳು ಹೀಗೆ ಡ್ರೋನಿನಿಂದ ಸಂಪಾದನೆಯ ದಾರಿ ಕಂಡುಕೊಳ್ಳಬೇಕೆಂಬ ಆಸೆ ನಿಮ್ಮಲ್ಲಿ ಹಲವರಿಗಿದೆ. ಹೊಸದಕ್ಕೆ ಕೈಯಲ್ಲಿ ಹಣವಿಲ್ಲ, ಹಳೆಯದನ್ನು ಕೊಳ್ಳೋಣ ಎಂಬ ಯೋಚನೆಯೂ ತಪ್ಪಲ್ಲ. ಆದರೆ ಹಳೆಯ ಡ್ರೋನ್ ಕೊಳ್ಳುವವನು ಯಂತ್ರವನ್ನಷ್ಟೇ ಕೊಳ್ಳುವುದಿಲ್ಲ. ಅದರ ಪೂರ್ವಚರಿತ್ರೆಯನ್ನೂ ಕೊಳ್ಳುತ್ತಾನೆ. ಈ ಮಾತನ್ನು ಮೊದಲು ಮನಸ್ಸಿನಲ್ಲಿ ಇಟ್ಟುಕೊಳ್ಳಿ.

ನನ್ನ ಪರಿಚಯದ ಒಬ್ಬ ಯುವಕನ ಕಥೆ ಹೇಳುತ್ತೇನೆ. ಪದವಿ ಮುಗಿಸಿ ಮದುವೆಗಳ ಫೋಟೋ ತೆಗೆಯುತ್ತಿದ್ದ. ಅವನ ತಾಯಿ ಚೀಟಿ ಎತ್ತಿ ಕೊಟ್ಟ ಹಣದಿಂದ ಒಂದು ಹಳೆಯ ಡ್ರೋನ್ ಕೊಂಡ. ಮಾರಿದವನ ಮನೆಯ ಹಜಾರದಲ್ಲಿ ಅದರ ದೀಪ ಉರಿದದ್ದನ್ನು, ರೆಕ್ಕೆ ತಿರುಗಿದ್ದನ್ನು ನೋಡಿದ್ದೇ ಪರೀಕ್ಷೆ. ಮೂರನೆಯ ಮದುವೆಯಲ್ಲಿ, ದಿಬ್ಬಣ ಇಳಿಯುತ್ತಿದ್ದಾಗ, ಬ್ಯಾಟರಿ ಇನ್ನೂ ಅರ್ಧ ಇದೆ ಎಂದು ಪರದೆ ತೋರಿಸುತ್ತಿದ್ದಂತೆಯೇ ಡ್ರೋನ್ ಕಲ್ಲಿನಂತೆ ಕೆಳಗೆ ಬಿತ್ತು. ಚಪ್ಪರದ ಅಂಚಿನಲ್ಲಿ ಆಡುತ್ತಿದ್ದ ಒಂದು ಮಗುವಿಗೂ ಅದಕ್ಕೂ ನಡುವೆ ಒಂದು ಮಾರು ದೂರವಿತ್ತು. ಅಷ್ಟೇ. ಹಣ ಹೋಯಿತೆಂಬ ದುಃಖಕ್ಕಿಂತ ಆ ಒಂದು ಮಾರಿನ ನೆನಪೇ ಅವನನ್ನು ಬಹಳ ದಿನ ಕಾಡಿತು.

ಇದರ ಹಿಂದಿನ ಭೌತಶಾಸ್ತ್ರವನ್ನು ನೀವು ತರಗತಿಯಲ್ಲಿ ಕಲಿತಿದ್ದೀರಿ. 2016ರಲ್ಲಿ ಮಾರುಕಟ್ಟೆಗೆ ಬಂದ ಫ್ಯಾಂಟಮ್ 4 ಪ್ರೊ ಎಂಬ ಡ್ರೋನನ್ನು ಉದಾಹರಣೆಯಾಗಿ ತೆಗೆದುಕೊಳ್ಳೋಣ. ಅದರ ತೂಕ 1,388 ಗ್ರಾಂ. 30 ಮೀಟರ್ ಎತ್ತರದಿಂದ ಅದು ಬಿದ್ದರೆ, ಗಾಳಿಯ ತಡೆಯನ್ನು ಲೆಕ್ಕಕ್ಕೆ ಹಿಡಿಯದಿದ್ದಲ್ಲಿ, ನೆಲ ಮುಟ್ಟುವಾಗ ಅದರ ವೇಗ ಸೆಕೆಂಡಿಗೆ ಸುಮಾರು 24 ಮೀಟರ್. ಎಂದರೆ ಗಂಟೆಗೆ 87 ಕಿಲೋಮೀಟರ್. ಹೆದ್ದಾರಿಯ ವಾಹನದ ವೇಗದಲ್ಲಿ ತಲೆಯ ಮೇಲೆ ಬರುವ ಒಂದೂಕಾಲು ಕಿಲೋಗೂ ಮೀರಿದ ಭಾರ! ಆದ್ದರಿಂದ ಬಳಸಿದ ಡ್ರೋನನ್ನು ಪರೀಕ್ಷಿಸಿ ಕೊಳ್ಳುವುದು ಜೇಬಿನ ಪ್ರಶ್ನೆ ಮಾತ್ರವಲ್ಲ, ಕೆಳಗೆ ನಿಂತವರ ಜೀವದ ಪ್ರಶ್ನೆಯೂ ಹೌದು.

ಹಾಗಾದರೆ ಎಲ್ಲಿಂದ ಆರಂಭಿಸಬೇಕು? ಯಂತ್ರಕ್ಕಿಂತ ಮೊದಲು ಕಾಗದಪತ್ರ ನೋಡಿ. ಭಾರತ ಸರ್ಕಾರ 2021ರ ಆಗಸ್ಟ್ 25ರಂದು ಡ್ರೋನ್ ನಿಯಮಗಳನ್ನು ಪ್ರಕಟಿಸಿತು. ಅದರಂತೆ 250 ಗ್ರಾಂವರೆಗಿನ ಡ್ರೋನ್ ನ್ಯಾನೋ, ಅಲ್ಲಿಂದ 2 ಕಿಲೋವರೆಗಿನದು ಮೈಕ್ರೋ, 2ರಿಂದ 25 ಕಿಲೋವರೆಗಿನದು ಸ್ಮಾಲ್ ವರ್ಗಕ್ಕೆ ಸೇರುತ್ತದೆ. ವಾಹನಕ್ಕೆ ನೋಂದಣಿ ಸಂಖ್ಯೆ ಇರುವಂತೆ ಡ್ರೋನಿಗೂ ಒಂದು ವಿಶಿಷ್ಟ ಗುರುತಿನ ಸಂಖ್ಯೆ ಇರಬೇಕು. ಅದನ್ನು ಯುಐಎನ್ ಎನ್ನುತ್ತಾರೆ. ಡ್ರೋನ್ ಕೈ ಬದಲಾದಾಗ ಮಾರಿದವರ, ಕೊಂಡವರ ವಿವರಗಳನ್ನು ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯದ ತಾಣದಲ್ಲಿ ಡಿ-3 ಎಂಬ ನಮೂನೆಯಲ್ಲಿ ಸಲ್ಲಿಸಿ ವರ್ಗಾವಣೆ ಮಾಡಿಸಬೇಕು. "ಆಮೇಲೆ ಮಾಡಿಸಿಕೊಳ್ಳಿ" ಎಂಬ ಮಾತಿಗೆ ತಲೆಯಾಡಿಸಬೇಡಿ. ಹಣ ಮತ್ತು ವರ್ಗಾವಣೆ ಒಟ್ಟಿಗೇ ಆಗಲಿ.

ಯುಐಎನ್ ಇಲ್ಲದ ವಿದೇಶಿ ಡ್ರೋನ್ ಎದುರಾದರೆ ಇನ್ನೂ ಎಚ್ಚರಿಕೆ ಬೇಕು. 2022ರ ಫೆಬ್ರವರಿ 9ರಂದು ಕೇಂದ್ರ ಸರ್ಕಾರ ಸಿದ್ಧ ಡ್ರೋನುಗಳ ಆಮದನ್ನು ನಿಷೇಧಿಸಿತು. ಸಂಶೋಧನೆ, ರಕ್ಷಣೆ, ಭದ್ರತೆಯ ಉದ್ದೇಶಗಳಿಗೆ ಮಾತ್ರ ವಿನಾಯಿತಿ ಉಳಿಯಿತು. ಆದುದರಿಂದ ಆ ನಂತರ ತಯಾರಾದ ವಿದೇಶಿ ಮಾದರಿಯೊಂದು ಬಿಲ್ಲಿಲ್ಲದೆ ನಿಮ್ಮೆದುರು ಬಂದರೆ, ಅದು ಯಾವ ದಾರಿಯಲ್ಲಿ ಬಂತು ಎಂದು ಕೇಳಲೇಬೇಕು. ನ್ಯಾನೋ ವರ್ಗಕ್ಕಿಂತ ದೊಡ್ಡದಾದ ಯಂತ್ರಕ್ಕೆ ಹೊಸದಾಗಿ ಯುಐಎನ್ ಪಡೆಯಲು ಸಾಮಾನ್ಯವಾಗಿ ಆ ಮಾದರಿಗೆ ಸರ್ಕಾರದ ಮಾದರಿ ಪ್ರಮಾಣಪತ್ರ ಇರಬೇಕಾಗುತ್ತದೆ. ಅದಿಲ್ಲವಾದರೆ ಯಂತ್ರ ಎಷ್ಟೇ ಚೆನ್ನಾಗಿರಲಿ, ನಿಯಮಬದ್ಧವಾಗಿ ಹಾರಿಸಲು ಆಗದೆ ಕಪಾಟಿನ ಅಲಂಕಾರವಾದೀತು. ಅಗ್ಗಕ್ಕೆ ಸಿಕ್ಕಿತೆಂದು ಮುಗ್ಗಲು ಜೋಳ ತಂದ ಹಾಗಾಯಿತು.

ಇನ್ನು ಹಾರಿಸುವವರ ಅರ್ಹತೆ. ಮೈಕ್ರೋ ಡ್ರೋನನ್ನು ಹವ್ಯಾಸಕ್ಕಾಗಿ ಹಾರಿಸಲು ಪೈಲಟ್ ಪ್ರಮಾಣಪತ್ರ ಬೇಡ. ಅದೇ ಡ್ರೋನಿನಿಂದ ಹಣ ಸಂಪಾದಿಸಲು ಬೇಕು. ಅದನ್ನು ಪಡೆಯಲು 18 ವರ್ಷ ತುಂಬಿರಬೇಕು, ಹತ್ತನೆಯ ತರಗತಿ ತೇರ್ಗಡೆಯಾಗಿರಬೇಕು, ಮಾನ್ಯತೆ ಪಡೆದ ಕೇಂದ್ರದಲ್ಲಿ ತರಬೇತಿ ಆಗಿರಬೇಕು. ನ್ಯಾನೋ ಬಿಟ್ಟು ಉಳಿದವಕ್ಕೆ ಮೂರನೆಯ ವ್ಯಕ್ತಿಯ ವಿಮೆಯೂ ಅಗತ್ಯ. ಯಂತ್ರದ ಬೆಲೆಗೆ ಈ ಖರ್ಚುಗಳನ್ನೂ ಕೂಡಿಸಿ ನೋಡಿ. ಇಂಥ ನಿಯಮಗಳು ಕಾಲಕಾಲಕ್ಕೆ ತಿದ್ದುಪಡಿಯಾಗುತ್ತವೆ. ಕೊಳ್ಳುವ ಮುನ್ನ ಅಂದಿನ ನಿಯಮವನ್ನು ಒಮ್ಮೆ ಓದಿಕೊಳ್ಳುವುದು ಜಾಣತನ.

ಕಾಗದಪತ್ರ ಸರಿಯಿದ್ದರೆ ಯಂತ್ರದ ಬಳಿ ಬನ್ನಿ. ಅದರ ಮೈಮೇಲೆ ಅಥವಾ ಬ್ಯಾಟರಿ ಕೂರುವ ಗೂಡಿನಲ್ಲಿ ಸರಣಿ ಸಂಖ್ಯೆ ಇರುತ್ತದೆ. ಅದೇ ಸಂಖ್ಯೆ ಬಿಲ್ಲಿನಲ್ಲಿಯೂ ಆ್ಯಪ್‌ನಲ್ಲಿಯೂ ಇರಬೇಕು. ಇವು ತಾಳೆಯಾಗದಿದ್ದರೆ ಯಂತ್ರ ಕಳವಿನದಾಗಿರಬಹುದು, ಅಥವಾ ಎರಡು ಮುರಿದ ಯಂತ್ರಗಳನ್ನು ಸೇರಿಸಿ ಒಂದು ಮಾಡಿದ್ದಾಗಿರಬಹುದು. ಮುಖ್ಯವಾದ ಇನ್ನೊಂದು ಸಂಗತಿ: ಡಿಜೆಐ ಕಂಪನಿಯ ಡ್ರೋನುಗಳು ಮೊದಲ ಮಾಲೀಕನ ಖಾತೆಗೆ ಜೋಡಣೆಯಾಗಿರುತ್ತವೆ. ಮಾರುವವನು ನಿಮ್ಮ ಎದುರಿನಲ್ಲೇ ಆ ಜೋಡಣೆಯನ್ನು ಬಿಡಿಸಬೇಕು. ನಂತರ ನಿಮ್ಮ ಖಾತೆಗೆ ಜೋಡಿಸಿ, ಯಂತ್ರ ಒಪ್ಪಿಕೊಂಡಿತೇ ನೋಡಿ. "ಪಾಸ್‌ವರ್ಡ್ ಮರೆತುಹೋಗಿದೆ" ಎಂದನೇ? ಅಲ್ಲಿಗೇ ನಮಸ್ಕಾರ ಹೇಳಿ ಹೊರಡಿ.

ಮುಂದೆ ಕಣ್ಣು ಮತ್ತು ಬೆರಳುಗಳ ಪರೀಕ್ಷೆ. ಹಗಲು ಬೆಳಕಿನಲ್ಲಿ ಡ್ರೋನಿನ ತೋಳುಗಳ ಬುಡವನ್ನು ನೋಡಿ. ಬಿದ್ದ ಯಂತ್ರ ಅಲ್ಲಿಯೇ ಸೀಳುತ್ತದೆ. ಅಂಟು ಹಚ್ಚಿದ ಗುರುತು, ತಲೆ ಸವೆದ ಸ್ಕ್ರೂ, ಒಂದು ಭಾಗ ಮಾತ್ರ ಹೊಸದಾಗಿ ಹೊಳೆಯುವುದು, ಇವೆಲ್ಲ ರಿಪೇರಿಯ ಸಾಕ್ಷಿಗಳು. ರಿಪೇರಿ ಆಗಿದ್ದೇ ದೋಷವಲ್ಲ; ಅದನ್ನು ಮುಚ್ಚಿಟ್ಟದ್ದು ದೋಷ. ಲೋಹದ ಸಂಪರ್ಕಗಳ ಮೇಲೆ ಹಸಿರು ಅಥವಾ ಬಿಳಿ ಪುಡಿ ಕಂಡರೆ ನೀರು, ಅದರಲ್ಲೂ ಕಡಲತೀರದ ಉಪ್ಪುನೀರು ಒಳಗೆ ಇಳಿದಿರಬಹುದು. ಬ್ಯಾಟರಿ ತೆಗೆದಿಟ್ಟು, ರೆಕ್ಕೆಗಳನ್ನು ಬಿಚ್ಚಿ, ನಾಲ್ಕೂ ಮೋಟಾರುಗಳನ್ನು ಬೆರಳಿನಿಂದ ತಿರುಗಿಸಿ. ನಾಲ್ಕೂ ಒಂದೇ ರೀತಿ ತಿರುಗಬೇಕು. ಒಂದರಲ್ಲಿ ಮರಳು ಉಜ್ಜಿದಂತೆ ಕರಕರ ಎಂದರೆ ಅದರ ಬೇರಿಂಗ್ ಸವೆದಿದೆ. ಹಳೆಯ ರೆಕ್ಕೆಗಳ ಅಂಚಿನಲ್ಲಿ ಸಣ್ಣ ಕಚ್ಚು ಇದ್ದರೂ ಬಳಸಬೇಡಿ. ಹೊಸ ಜೊತೆ ಕೊಳ್ಳಿ.

ಎಲ್ಲಕ್ಕಿಂತ ಹೆಚ್ಚು ಮೋಸ ಮಾಡುವುದು ಬ್ಯಾಟರಿ. ಅದು ಲಿಥಿಯಂ ಪಾಲಿಮರ್ ಜಾತಿಯದು. ಫ್ಯಾಂಟಮ್ 4 ಪ್ರೊದ ಬ್ಯಾಟರಿ 15.2 ವೋಲ್ಟ್, 5,870 ಮಿಲಿಆಂಪಿಯರ್-ಗಂಟೆ. ಗುಣಿಸಿದರೆ ಸುಮಾರು 89 ವಾಟ್-ಗಂಟೆ ಶಕ್ತಿ. ತಯಾರಕರು ಹೇಳುವಂತೆ ಹೊಸದರಲ್ಲಿ ಅದು ಸುಮಾರು 30 ನಿಮಿಷ ಹಾರಾಟಕ್ಕೆ ಬರುತ್ತದೆ. ಎಂದರೆ ಗಾಳಿಯಲ್ಲಿ ನಿಲ್ಲಲು ಆ ಯಂತ್ರ ಹತ್ತಿರ ಹತ್ತಿರ 178 ವಾಟ್ ಸೆಳೆಯುತ್ತದೆ. ಬ್ಯಾಟರಿ ಹಳೆಯದಾದಂತೆ ಅದರ ಆಂತರಿಕ ರೋಧ ಹೆಚ್ಚುತ್ತದೆ. ನೆಲದ ಮೇಲೆ ಪ್ರವಾಹ ಕಡಿಮೆ, ಹಾಗಾಗಿ ವೋಲ್ಟೇಜ್ ಪೂರ್ತಿ ಇರುವಂತೆ ತೋರುತ್ತದೆ. ಮೇಲೇರಿ ಪ್ರವಾಹ ಹೆಚ್ಚಿದೊಡನೆ, ಓಮ್ ನಿಯಮದಂತೆ, ಒಳಗೇ ವೋಲ್ಟೇಜ್ ಕುಸಿಯುತ್ತದೆ. ನಮ್ಮ ಯುವಕನ ಡ್ರೋನ್ ಬಿದ್ದದ್ದು ಹೀಗೆಯೇ. ಆ ಬ್ಯಾಟರಿಯ ಹೊಟ್ಟೆ ಉಬ್ಬಿತ್ತು. ಹಜಾರದ ಮಂದ ಬೆಳಕಿನಲ್ಲಿ ಅವನು ಅದನ್ನು ಗಮನಿಸಿರಲಿಲ್ಲ.

ಆದ್ದರಿಂದ ಬ್ಯಾಟರಿಯನ್ನು ಸಮತಟ್ಟಾದ ಮೇಜಿನ ಮೇಲಿಟ್ಟು ನೋಡಿ. ಉಬ್ಬಿದ್ದರೆ ಬೇಡವೇ ಬೇಡ. ಅದನ್ನು ಚಾರ್ಜ್ ಮಾಡುವುದು, ಚುಚ್ಚುವುದು ಬೆಂಕಿಗೆ ಆಹ್ವಾನ ಕೊಟ್ಟಂತೆ. ಬುದ್ಧಿವಂತ ಬ್ಯಾಟರಿಯಾದರೆ ಎಷ್ಟು ಬಾರಿ ಚಾರ್ಜ್ ಆಗಿದೆ, ಪ್ರತಿ ಕೋಶದ ವೋಲ್ಟೇಜ್ ಎಷ್ಟು ಎಂಬುದನ್ನು ಆ್ಯಪ್ ತೋರಿಸುತ್ತದೆ. ಎಲ್ಲ ಕೋಶಗಳೂ ಸರಿಸಮನಾಗಿರಬೇಕು. ಹಾರಾಟದಲ್ಲಿ ಒಂದು ಕೋಶ ಮಾತ್ರ 0.1 ವೋಲ್ಟಿಗಿಂತ ಹೆಚ್ಚು ಹಿಂದೆ ಬಿದ್ದರೆ ಆ ಬ್ಯಾಟರಿಯನ್ನು ನಂಬಬೇಡಿ. ನೊಗದಲ್ಲಿ ಒಂದು ಎತ್ತು ಸೋತರೆ ಗಾಡಿ ನಿಂತಂತೆಯೇ ಅಲ್ಲವೇ?

ಕೊನೆಯದು ಹಾರಾಟದ ಪರೀಕ್ಷೆ. ಜನರಿಲ್ಲದ ಬಯಲು, ಮತ್ತು ಡ್ರೋನ್ ನಕ್ಷೆಯಲ್ಲಿ ಹಸಿರು ವಲಯವೆಂದು ಗುರುತಿಸಿದ ಜಾಗ ಆರಿಸಿ. ವಿಮಾನ ನಿಲ್ದಾಣದ ಸುತ್ತಮುತ್ತ ಬೇಡ. ಕಬ್ಬಿಣದ ಬೇಲಿ, ಕಾಂಕ್ರೀಟ್ ಚಾವಣಿಗಳಿಂದ ದೂರವಿರಿ. ಅವು ಡ್ರೋನಿನ ದಿಕ್ಸೂಚಿಯ ದಾರಿ ತಪ್ಪಿಸುತ್ತವೆ. ಪೂರ್ತಿ ಚಾರ್ಜ್ ಆದ ಬ್ಯಾಟರಿಯಿಂದ ಮೂರು ಮೀಟರ್ ಎತ್ತರಕ್ಕೆ ಏರಿಸಿ, ನಿಯಂತ್ರಕದಿಂದ ಕೈ ತೆಗೆದು ನೋಡಿ. ಗಾಳಿಯಿಲ್ಲದಾಗ ಯಂತ್ರ ಇದ್ದಲ್ಲೇ ನಿಲ್ಲಬೇಕು. ತಾನಾಗಿ ಸುತ್ತುವುದು, ಸರಿದು ಹೋಗುವುದು ಒಳ್ಳೆಯ ಲಕ್ಷಣವಲ್ಲ. ಹತ್ತು ನಿಮಿಷವಾದರೂ ಹಾರಲಿ. ಬ್ಯಾಟರಿಯ ಶೇಕಡಾ ಅಂಕಿ ಸಮನಾಗಿ ಇಳಿಯುತ್ತದೆಯೋ, ಜಿಗಿದು ಇಳಿಯುತ್ತದೆಯೋ ಗಮನಿಸಿ. ಹೊರಟ ಜಾಗಕ್ಕೆ ತಾನೇ ಮರಳುವ ವ್ಯವಸ್ಥೆಯನ್ನೂ ಪರೀಕ್ಷಿಸಿ. ಕ್ಯಾಮೆರಾವನ್ನು ಅಲುಗದಂತೆ ಹಿಡಿಯುವ ಗಿಂಬಲ್ ಕೆಟ್ಟಿದ್ದರೆ ಚಿತ್ರದಲ್ಲಿ ದಿಗಂತ ವಾಲಿರುತ್ತದೆ, ಅಥವಾ ಚಿತ್ರ ನಡುಗುತ್ತದೆ. ತೆಗೆದ ವಿಡಿಯೋವನ್ನು ಫೋನಿನಲ್ಲಲ್ಲ, ದೊಡ್ಡ ಪರದೆಯಲ್ಲಿ ನೋಡಿ.

ಹಣದ ವಿಷಯದಲ್ಲಿ ಒಂದೆರಡು ಮಾತು. "ನಾನು ಸೇನೆಯಲ್ಲಿದ್ದೇನೆ, ವರ್ಗಾವಣೆಯಾಗಿದೆ, ಮುಂಗಡ ಹಾಕಿ, ಪಾರ್ಸೆಲ್ ಕಳಿಸುತ್ತೇನೆ" ಎಂಬುದು ವಂಚಕರು ಹಳಸಿದರೂ ಬಿಡದ ಕಥೆ. "ಇನ್ನೊಬ್ಬರು ಈಗಲೇ ಹಣ ಹಾಕ್ತೀನಿ ಅಂತಿದ್ದಾರೆ, ಬೇಗ ಹೇಳಿ ಸಾರ್" ಎಂಬ ಅವಸರವೂ ಅದೇ ಬಳಗದ್ದು. ಕಣ್ಣಾರೆ ನೋಡದ ಯಂತ್ರಕ್ಕೆ ಒಂದು ರೂಪಾಯಿಯನ್ನೂ ಕೊಡಬೇಡಿ. ಹಗಲಿನಲ್ಲಿ, ಜನ ಓಡಾಡುವ ಸ್ಥಳದಲ್ಲಿ, ಹಿರಿಯರೊಬ್ಬರನ್ನು ಜೊತೆಗೆ ಕರೆದುಕೊಂಡು ಭೇಟಿಯಾಗಿ. ಹಣವನ್ನು ಬ್ಯಾಂಕ್ ಮೂಲಕವೇ ಕೊಡಿ. ಡ್ರೋನ್, ನಿಯಂತ್ರಕ, ಪ್ರತಿಯೊಂದು ಬ್ಯಾಟರಿಯ ಸಂಖ್ಯೆ ಬರೆದು, ಇಬ್ಬರೂ ಸಹಿ ಹಾಕಿದ ಮಾರಾಟ ಪತ್ರ ಇಟ್ಟುಕೊಳ್ಳಿ. ಅಕಸ್ಮಾತ್ ಮೋಸಹೋದರೆ ನಾಚಿಕೆಪಟ್ಟು ಸುಮ್ಮನಿರಬೇಡಿ; ತಡಮಾಡದೆ 1930 ಸಂಖ್ಯೆಗೆ ಕರೆ ಮಾಡಿ ದೂರು ಕೊಡಿ.

ನಮ್ಮ ಯುವಕ ಈಗ ಏನು ಮಾಡುತ್ತಿದ್ದಾನೆ ಎಂದು ನೀವು ಕೇಳಬಹುದು. ಒಂದು ವರ್ಷ ಹಣ ಕೂಡಿಸಿ, ಮತ್ತೊಂದು ಡ್ರೋನ್ ನೋಡಲು ಹೋದ. ಈ ಬಾರಿ ನನ್ನನ್ನೂ ಕರೆದ. ಮೂರು ಗಂಟೆ ಪರೀಕ್ಷಿಸಿದ. ಒಂದು ಮೋಟಾರಿನಲ್ಲಿ ಕರಕರ ಶಬ್ದವಿತ್ತು, ಬಿಲ್ಲಿನ ಸಂಖ್ಯೆ ತಾಳೆಯಾಗಲಿಲ್ಲ. "ಬೇಡಣ್ಣ, ಕ್ಷಮಿಸಿ" ಎಂದು ಮಾರುವವನಿಗೆ ಕೈಮುಗಿದು ಬರಿಗೈಯಲ್ಲಿ ಹಿಂತಿರುಗಿದ. ದಾರಿಯಲ್ಲಿ ಅವನ ಮುಖದಲ್ಲಿ ಬೇಸರವಿರಲಿಲ್ಲ. ಹಲ್ಲು ನೋಡಿ ಎತ್ತು ಬಿಟ್ಟುಬಂದ ರೈತನ ನೆಮ್ಮದಿಯಿತ್ತು.

ಮಿತ್ರರೇ, ಸಂತೆಯಿಂದ ಬರಿಗೈಯಲ್ಲಿ ಬರುವುದು ಸೋಲಲ್ಲ. ಜಾತ್ರೆ ಮತ್ತೆ ಸೇರುತ್ತದೆ, ಎತ್ತುಗಳು ಮತ್ತೆ ಬರುತ್ತವೆ. ಆದರೆ ಚಪ್ಪರದ ಅಂಚಿನಲ್ಲಿ ಆಡುವ ಮಗುವಿಗೂ ಬೀಳುವ ಯಂತ್ರಕ್ಕೂ ನಡುವಿನ ಆ ಒಂದು ಮಾರು ದೂರ ಪ್ರತಿ ಸಲವೂ ಸಿಗುತ್ತದೆಂದು ಯಾರು ಹೇಳಬಲ್ಲರು? ಕೊಳ್ಳುವ ಮೊದಲು ನೋಡಿ, ಹಾರಿಸುವ ಮೊದಲು ಇನ್ನೊಮ್ಮೆ ನೋಡಿ.