‘ರನ್’ ಎಂಬ ಇಂಗ್ಲಿಷ್ ಕ್ರಿಯಾಪದ

ದಾವಣಗೆರೆಯಿಂದ ಹರಿಹರಕ್ಕೆ ಸುಮಾರು 14 ಕಿಲೋಮೀಟರುಗಳ ದಾರಿ. ಆ ದಾರಿಯ ಪ್ರಯಾಣಿಕನು ತಾನು ಕಂಡುದನ್ನು ಇಂಗ್ಲಿಷಿನಲ್ಲಿ ಹೇಳಹೊರಟರೆ ‘ರನ್’ ಎಂಬ ಒಂದೇ ಕ್ರಿಯಾಪದದಿಂದ ಬಹುಮಟ್ಟಿಗೆ ಕಾರ್ಯ ಸಾಗಿಸಬಹುದು. ರೈಲಿಗೂ ಅದೇ, ರಸ್ತೆಗೂ ಅದೇ. ಹರಿಹರದ ತುಂಗಭದ್ರೆಗೂ, ಪೇಟೆಯ ಅಂಗಡಿಗೂ, ಕಾರ್ಖಾನೆಯ ಯಂತ್ರಕ್ಕೂ, ನೀರಿಗೆ ಹಾಕಿದ ಸೀರೆಯ ಬಣ್ಣಕ್ಕೂ ಅದೇ. ಆಕ್ಸ್‌ಫರ್ಡ್ ನಿಘಂಟಿನವರು ಈ ಒಂದು ಕ್ರಿಯಾಪದಕ್ಕೆ 645 ಅರ್ಥಗಳನ್ನು ಎಣಿಸಿದರೆಂದು 2011ರಲ್ಲಿ ಪತ್ರಿಕೆಗಳಲ್ಲಿ ಪ್ರಕಟವಾಯಿತು.

ಕನ್ನಡದ ನಡೆ ಬೇರೆ. ನಮ್ಮಲ್ಲಿ ರೈಲು ಓಡುತ್ತದೆ, ರಸ್ತೆ ಹೋಗುತ್ತದೆ, ಹೊಳೆ ಹರಿಯುತ್ತದೆ, ಅಂಗಡಿ ನಡೆಯುತ್ತದೆ, ಬಣ್ಣ ಬಿಡುತ್ತದೆ. ಅಂಗಡಿಯನ್ನು ನಡೆಸುವುದಕ್ಕೆ ನಾವು ಧಾತುವಿಗೆ ಪ್ರತ್ಯಯವನ್ನು ಹಚ್ಚಬೇಕು. ಇಂಗ್ಲಿಷಿನವರಿಗೆ ಅಲ್ಲಿಯೂ ‘ರನ್’ ಸಾಕು. ಅಮೆರಿಕದ ಅಭ್ಯರ್ಥಿಯು ಚುನಾವಣೆಗೆ ಓಡುತ್ತಾನೆ, ಇಂಗ್ಲೆಂಡಿನವನು ನಿಲ್ಲುತ್ತಾನೆ, ನಮ್ಮವನೂ ನಿಲ್ಲುತ್ತಾನೆ. ಕ್ರಿಕೆಟ್ಟಿನ ರನ್ನನ್ನು ಮಾತ್ರ ನಾವು ಇದ್ದ ಹಾಗೆಯೇ ಇಟ್ಟುಕೊಂಡಿದ್ದೇವೆ.

ಹಾಗೆಂದು ಇದು ನಮಗೆ ಕೇವಲ ಅಪರಿಚಿತವಾದ ರೀತಿಯೂ ಅಲ್ಲ. ಹಳಗನ್ನಡದಲ್ಲಿ ‘ಪರಿ’ ಎಂಬ ಧಾತುವಿತ್ತು. ಅದು ಕುದುರೆಯ ಓಟಕ್ಕೂ ಸಲ್ಲುತ್ತಿತ್ತು, ನೀರಿನ ಓಟಕ್ಕೂ ಸಲ್ಲುತ್ತಿತ್ತು. ಪಕಾರವು ಹಕಾರವಾಗಿ ‘ಹರಿ’ ಎಂದಾದ ಮೇಲೆ ಅದು ಮುಖ್ಯವಾಗಿ ನೀರಿನ ಪಾಲಿಗೆ ಉಳಿಯಿತು. ಹರಿಹರದ ‘ಹರಿ’ ಸಂಸ್ಕೃತದ್ದು, ಬೇರೆಯ ಮಾತು. ಆದರೂ 1224ರಲ್ಲಿ ಹೊಯ್ಸಳರ ದಂಡನಾಯಕ ಪೋಲಾಳ್ವನು ಕಟ್ಟಿಸಿದ ಅಲ್ಲಿನ ದೇವಾಲಯದಲ್ಲಿ ಒಂದೇ ಮೂರ್ತಿಯೊಳಗೆ ಹರಿಯನ್ನೂ ಹರನನ್ನೂ ಕಂಡವರಿಗೆ, ಒಂದೇ ರೂಪದಲ್ಲಿ ಹಲವು ಅರ್ಥಗಳಿರುವುದು ವಿಚಿತ್ರವೆನಿಸಲಾರದು.

ನಾವು ಅಧ್ಯಾಪಕರಾದ ಹೊಸತರಲ್ಲಿ, ದಾವಣಗೆರೆಯ ಗಿರಣಿಯೊಂದರ ಕಾರ್ಮಿಕನ ಮಗನು ನಮ್ಮ ತರಗತಿಯಲ್ಲಿದ್ದನು. ತನ್ನ ಮನೆಯನ್ನು ಕುರಿತು ಪ್ರಬಂಧ ಬರೆಯುವಾಗ, ಗಿರಣಿ ನಡೆಯುತ್ತಿಲ್ಲವೆಂಬುದನ್ನು ಅವನು ‘ವಾಕ್’ ಎಂಬ ಕ್ರಿಯಾಪದದಿಂದ ಬರೆದಿದ್ದನು. ನಾವು ಅದನ್ನು ಗಟ್ಟಿಯಾಗಿ ಓದಿ ತರಗತಿಯನ್ನು ನಗಿಸಿದೆವು. ಕೆಂಪು ಶಾಯಿಯಲ್ಲಿ ‘ರನ್’ ಎಂದು ತಿದ್ದಿದೆವು. ಹುಡುಗನು ತಲೆಯೆತ್ತಲಿಲ್ಲ. ಅವನು ಮಾಡಿದ ತಪ್ಪು ದಡ್ಡತನದ್ದಲ್ಲ, ತಾಯಿನುಡಿಯ ನ್ಯಾಯಕ್ಕೆ ಸರಿಯಾದುದೆಂದು ನಮಗೆ ತೋರಿದ್ದು ಬಹಳ ಕಾಲದ ಮೇಲೆ. ಅದಕ್ಕಿಂತ ಹೆಚ್ಚಿನ ತಪ್ಪು ನಮ್ಮದು. ಒಂದು ಪದವನ್ನು ತಿದ್ದುವ ಆತುರದಲ್ಲಿ ವಾಕ್ಯವನ್ನೇ ನಾವು ಓದಿರಲಿಲ್ಲ. ಗಿರಣಿ ನಿಂತಿತ್ತು, ತಂದೆಯ ಕೆಲಸ ಹೋಗಿತ್ತು.

ಆದುದರಿಂದ ವಿದ್ಯಾರ್ಥಿಗಳಲ್ಲಿ ನಮ್ಮ ಬಿನ್ನಹವಿಷ್ಟೆ: ಕ್ರಿಯಾಪದವನ್ನು ಒಂಟಿಯಾಗಿ ಬಾಯಿಪಾಠ ಮಾಡಬೇಡಿ. ಹೊಳೆಯೊಡನೆ, ಅಂಗಡಿಯೊಡನೆ, ಯಂತ್ರದೊಡನೆ ಸೇರಿಸಿ ಕಲಿಯಿರಿ. ಅರ್ಥವು ಜತೆಯ ಮಾತಿನಲ್ಲಿ ಇರುತ್ತದೆ. ಕಲಿಸುವವರಲ್ಲಿ ಇನ್ನೊಂದು ಬಿನ್ನಹ: ಮೊದಲು ವಾಕ್ಯವನ್ನು ಪೂರ್ತಿಯಾಗಿ ಓದೋಣ; ತಿದ್ದುವುದು ಆಮೇಲೆ.