ಅಂಗಡಿಗೆ ಬಂದವರಿಗೆ ಮಾತ್ರ

ಇಂಗ್ಲೆಂಡಿನ ಸೂಪರ್‌ಮಾರ್ಕೆಟ್ಟುಗಳು ಗಿರಾಕಿಗಳಿಗೆ ರಿಯಾಯಿತಿ ಚೀಟಿಗಳನ್ನು ಕೊಡುವುದುಂಟು. ಕೆಲವು ಚೀಟಿಗಳು ಅಂಗಡಿಗೆ ಬಂದವರಿಗೆ ಮಾತ್ರ ಸಲ್ಲುತ್ತವೆ. ಹಾಗಾದರೆ ಹಾಸಿಗೆ ಹಿಡಿದವರ ಪಾಡೇನು? ಮನೆಗೆ ಸಾಮಾನು ತರಿಸಿಕೊಳ್ಳುವ ಅವರು ಸಾಗಣೆಯ ಕೂಲಿಯನ್ನೂ ತೆತ್ತು ಪೂರ್ಣ ಬೆಲೆಯನ್ನೂ ಕೊಡಬೇಕು.

ವ್ಯಾಪಾರಿಯ ವಾದವೂ ಉಂಟು: ಒಳಗೆ ಬಂದ ಗಿರಾಕಿ ಎಣಿಸಿದ್ದಕ್ಕಿಂತ ಹೆಚ್ಚು ಕೊಳ್ಳುತ್ತಾನೆ, ಚೀಟಿಯ ಉದ್ದೇಶವೇ ಅದು. ಈ ಮಾತು ಸುಳ್ಳಲ್ಲ. ಆದರೆ ನಿಯಮ ಒಂದೇ ಆದ ಮಾತ್ರಕ್ಕೆ ನ್ಯಾಯವಾಗದು. ಶಾಲೆಯಲ್ಲಿ ಮೆಟ್ಟಿಲು ಹತ್ತಲಾರದ ಹುಡುಗನಿಗಾಗಿ ತರಗತಿಯನ್ನು ಕೆಳಗಿನ ಕೊಠಡಿಗೆ ಇಳಿಸಿದರೆ ಅದನ್ನು ಪಕ್ಷಪಾತವೆನ್ನುವವರಾರು?

ಅಲ್ಲಿಯ 2010ರ ಸಮಾನತೆಯ ಕಾನೂನು, ಅಂಗವಿಕಲರ ಅನನುಕೂಲವನ್ನು ನೀಗಲು ವ್ಯಾಪಾರಿಗಳು ಯುಕ್ತವಾದ ಮಾರ್ಪಾಡು ಮಾಡತಕ್ಕದ್ದೆಂದು ವಿಧಿಸುತ್ತದೆ. ಹೊರಬರಲಾಗದವರು ಕೇಳಿದಾಗ ಅದೇ ರಿಯಾಯಿತಿಯನ್ನು ಮನೆಗೆ ತರಿಸುವ ಸಾಮಾನಿಗೂ ಸಲ್ಲಿಸುವುದೇ ಆ ಮಾರ್ಪಾಡೆಂದು ನನ್ನ ಅಭಿಪ್ರಾಯ.